ಪಾಸ್‌ವರ್ಡ್ ಕೊಟ್ಟ ಮೇಲೆ ಪರದೆ ಕಪ್ಪಾಗುತ್ತಿದೆ, ಸೇಫ್ ಮೋಡ್‌ಗೆ ಹೋಗುವುದು ಹೇಗೆ?

ಪ್ರಶ್ನೆ (ನಾಪೋಕ್ಲು ಸಮೀಪದ ಕಾಫಿ ತೋಟದ ರೈಟರ್):

ನಮಸ್ಕಾರ ಸರ್. ನಮ್ಮ ತೋಟದ ಆಫೀಸಿನ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 10 ಇದೆ. ಪರದೆ ಮಿನುಗುತ್ತಿತ್ತೆಂದು ಮೊನ್ನೆ ಯಾವುದೋ ವೆಬ್‌ಸೈಟಿನಿಂದ ಗ್ರಾಫಿಕ್ಸ್ ಡ್ರೈವರ್ (ಪರದೆಯ ಚಿತ್ರ ಮೂಡಿಸುವ ಭಾಗವನ್ನು ನಡೆಸುವ ಸಾಫ್ಟ್‌ವೇರ್) ಇಳಿಸಿ ಹಾಕಿದೆ. ಅಂದಿನಿಂದ ಪಾಸ್‌ವರ್ಡ್ ಕೇಳುವವರೆಗೆ ಎಲ್ಲವೂ ಸರಿಯಾಗಿದ್ದು, ಆಮೇಲೆ ಪರದೆ ಪೂರ್ತಿ ಕಪ್ಪಾಗಿ ಮೌಸ್‌ನ ಬಾಣವೊಂದೇ ಉಳಿಯುತ್ತದೆ. ಶನಿವಾರ ಬಟವಾಡೆ ಇದೆ, ಕೆಲಸಗಾರರ ಹಾಜರಿ-ಕೂಲಿಯ ಲೆಕ್ಕವಾದ ಚೆಕ್‌ರೋಲ್ ಈ ಕಂಪ್ಯೂಟರಿನೊಳಗೇ ಇದೆ. ಅಂಗಡಿಯೊಂದಕ್ಕೆ ಫೋನ್ ಮಾಡಿದರೆ ಫಾರ್ಮ್ಯಾಟ್ ಮಾಡಬೇಕು ಎಂದರು. ಸೇಫ್ ಮೋಡ್‌ಗೆ ಹೋಗೋಣವೆಂದು ಎಫ್8 ಕೀಯನ್ನು ಎಷ್ಟು ಸಲ ಒತ್ತಿದರೂ ಏನೂ ಬರುತ್ತಿಲ್ಲ.

ಉತ್ತರ (ಕಂಪ್ಯೂಟರ್ ದುರಸ್ತಿ ತಂತ್ರಜ್ಞ, ಮಡಿಕೇರಿ):

ನಮಸ್ಕಾರ. ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸುವ ಫಾರ್ಮ್ಯಾಟ್‌ಗೆ ದಯವಿಟ್ಟು ಈಗಲೇ ಒಪ್ಪಬೇಡಿ. ಡ್ರೈವರ್ ಹಾಕಿದ ಬೆನ್ನಿಗೇ ತೊಂದರೆ ಶುರುವಾಗಿರುವುದರಿಂದ ಮೊದಲ ಅನುಮಾನ ಅದರ ಮೇಲೆಯೇ ಹೋಗಬೇಕು, ಮತ್ತು ಆ ಅನುಮಾನವನ್ನು ಹತ್ತು ನಿಮಿಷದಲ್ಲಿ ಪರೀಕ್ಷಿಸಬಹುದು. ಸೇಫ್ ಮೋಡ್ ತಾನಾಗಿ ಏನನ್ನೂ ಸರಿಪಡಿಸುವುದಿಲ್ಲ. ಅದು ವಿಂಡೋಸ್‌ಗೆ ತೀರಾ ಅಗತ್ಯವಾದ ಡ್ರೈವರ್ ಮತ್ತು ಸೇವೆಗಳನ್ನಷ್ಟೇ ಎಬ್ಬಿಸಿ, ನೀವು ಹಾಕಿದ ಗ್ರಾಫಿಕ್ಸ್ ಡ್ರೈವರನ್ನೂ ತಾವಾಗಿ ಶುರುವಾಗುವ ಪ್ರೋಗ್ರಾಂಗಳನ್ನೂ ಬದಿಗಿಡುತ್ತದೆ. ಅಲ್ಲಿ ಪರದೆ ಸರಿಯಾಗಿ ಬಂದರೆ ಹಾರ್ಡ್ ಡಿಸ್ಕ್, ರ‍್ಯಾಮ್ ಮತ್ತು ವಿಂಡೋಸ್‌ನ ಬುನಾದಿ ಬಹುತೇಕ ಗಟ್ಟಿಯಾಗಿವೆ, ದೋಷವಿರುವುದು ಮೇಲೆ ಸೇರಿಸಿದ್ದರಲ್ಲಿ ಎಂದು ತಿಳಿಯಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋದಾಗ, ತಂತ್ರಜ್ಞರು ಎಷ್ಟೋ ಯಂತ್ರಗಳನ್ನು ಸೇಫ್ ಮೋಡ್‌ನಲ್ಲಿ ತೆರೆದು ಆ ಒಂದು ಫೈಲನ್ನು ಅಳಿಸಿಯೇ ಸರಿಮಾಡಿದರು.

ಎಫ್8 ವಿಂಡೋಸ್ 7ರವರೆಗೆ ಕೆಲಸ ಮಾಡುತ್ತಿತ್ತು. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಯಂತ್ರ ಬೇಗ ಏಳಲೆಂದು ಆ ದಾರಿಯನ್ನು ಮುಚ್ಚಿಟ್ಟಿದ್ದಾರೆ. ನಿಮಗೆ ಪಾಸ್‌ವರ್ಡ್ ಕೇಳುವ ಪರದೆ ಬರುತ್ತಿರುವುದರಿಂದ ಸುಲಭದ ದಾರಿಯೊಂದಿದೆ. ಪಾಸ್‌ವರ್ಡ್ ಕೊಡದೆ, ಬಲಗಡೆ ಕೆಳಮೂಲೆಯ ಪವರ್ ಗುರುತನ್ನು ಒತ್ತಿ, ಎಡಗೈಯಲ್ಲಿ ಶಿಫ್ಟ್ ಕೀ ಹಿಡಿದುಕೊಂಡೇ ‘ರೀಸ್ಟಾರ್ಟ್’ ಒತ್ತಿ. ನೀಲಿ ಪರದೆ ಬರುವವರೆಗೆ ಶಿಫ್ಟ್‌ನಿಂದ ಬೆರಳು ತೆಗೆಯಬೇಡಿ. ಅಲ್ಲಿ ‘ಟ್ರಬಲ್‌ಶೂಟ್’, ‘ಅಡ್ವಾನ್ಸ್ಡ್ ಆಪ್ಷನ್ಸ್’, ‘ಸ್ಟಾರ್ಟಪ್ ಸೆಟ್ಟಿಂಗ್ಸ್’ ಇವನ್ನು ಒಂದಾದ ಮೇಲೊಂದು ಆರಿಸಿ ಮತ್ತೆ ‘ರೀಸ್ಟಾರ್ಟ್’ ಕೊಟ್ಟರೆ, ಸಂಖ್ಯೆಗಳ ಪಟ್ಟಿಯೊಂದು ಬರುತ್ತದೆ. ಅದರಲ್ಲಿ 4 ಸೇಫ್ ಮೋಡ್, 5 ಎಂದರೆ ಇಂಟರ್ನೆಟ್ ಸಹಿತ ಸೇಫ್ ಮೋಡ್. ನಿಮಗೆ 4 ಸಾಕು.

ಹಿನ್ನೆಲೆ ಕಪ್ಪಾಗಿ, ಅಕ್ಷರಗಳು ದಪ್ಪವಾಗಿ, ನಾಲ್ಕು ಮೂಲೆಗಳಲ್ಲೂ ‘ಸೇಫ್ ಮೋಡ್’ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ. ಬೇರೇನನ್ನೂ ಮುಟ್ಟುವ ಮೊದಲು ಚೆಕ್‌ರೋಲ್ ಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಪೆನ್‌ಡ್ರೈವನ್ನು ತೆಗೆದಿಡಿ. ಆಮೇಲೆ ಸ್ಟಾರ್ಟ್ ಗುಂಡಿಯ ಮೇಲೆ ಮೌಸ್‌ನ ಬಲ ಗುಂಡಿ ಒತ್ತಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ‘ಡಿಸ್‌ಪ್ಲೇ ಅಡಾಪ್ಟರ್ಸ್’ ಕೆಳಗಿರುವ ಹೆಸರನ್ನು ಎರಡು ಸಲ ಕ್ಲಿಕ್ ಮಾಡಿ, ‘ಡ್ರೈವರ್’ ಪುಟದಲ್ಲಿ, ಹಿಂದಿನ ಡ್ರೈವರನ್ನು ಮರಳಿ ತರುವ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಆ ಗುಂಡಿ ಮಸುಕಾಗಿದ್ದರೆ ‘ಅನ್‌ಇನ್‌ಸ್ಟಾಲ್ ಡಿವೈಸ್’ ಕೊಟ್ಟು, ಡ್ರೈವರನ್ನೂ ಅಳಿಸುವ ಚೌಕಕ್ಕೆ ಗುರುತು ಹಾಕಿ. ಬಳಿಕ ಎಂದಿನಂತೆ ರೀಸ್ಟಾರ್ಟ್ ಮಾಡಿದರೆ ಸಾಕು.

ಅದೇ ಸದಸ್ಯರು:

ಸೇಫ್ ಮೋಡ್ ಬಂತು ಸರ್, ಆದರೆ ದಿನಾ ಹಾಕುವ ಪಿನ್ ತೆಗೆದುಕೊಳ್ಳುತ್ತಿಲ್ಲ.

ಉತ್ತರ:

ಸೇಫ್ ಮೋಡ್‌ನಲ್ಲಿ ಪಿನ್ ಹಲವು ಸಲ ನಡೆಯುವುದಿಲ್ಲ. ಕೆಳಗಿನ ‘ಸೈನ್ ಇನ್ ಆಪ್ಷನ್ಸ್’ ಒತ್ತಿ ಖಾತೆಯ ಪೂರ್ಣ ಪಾಸ್‌ವರ್ಡ್ ಕೊಡಿ. ಇನ್ನೊಂದು ಮಾತು, ಸೇಫ್ ಮೋಡ್‌ನಲ್ಲಿ ಪ್ರಿಂಟರ್ ಕೆಲಸ ಮಾಡದು, ಆದ್ದರಿಂದ ಬಟವಾಡೆಯ ಪಟ್ಟಿಯನ್ನು ಅಲ್ಲಿಂದಲೇ ಮುದ್ರಿಸಲು ಯತ್ನಿಸಬೇಡಿ.

ಪ್ರಶ್ನೆ (ಸೋಮವಾರಪೇಟೆಯ ಹೋಂಸ್ಟೇ ನಡೆಸುವವರು):

ನಾನು ವಿಂಡೋಸ್ ಶುರುವಾಗುವ ರೀತಿಯನ್ನು ಬದಲಿಸುವ ‘ಎಂಎಸ್‌ಕಾನ್ಫಿಗ್’ನಲ್ಲಿ ‘ಸೇಫ್ ಬೂಟ್’ಗೆ ಗುರುತು ಹಾಕಿದ್ದೆ. ಈಗ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಸೇಫ್ ಮೋಡ್‌ಗೇ ಹೋಗುತ್ತಿದೆ.

ಉತ್ತರ:

ಆ ಗುರುತನ್ನು ನೀವೇ ತೆಗೆಯುವವರೆಗೆ ಅದು ಹಾಗೆಯೇ ನಡೆಯುತ್ತದೆ, ಮೇಡಂ. ಅದೇ ‘ಬೂಟ್’ ಪುಟಕ್ಕೆ ಹೋಗಿ ಗುರುತು ತೆಗೆದು ಓಕೆ ಕೊಟ್ಟು ರೀಸ್ಟಾರ್ಟ್ ಮಾಡಿ. ಪಾಸ್‌ವರ್ಡ್ ಮರೆತವರು ಈ ಎಂಎಸ್‌ಕಾನ್ಫಿಗ್ ದಾರಿ ಹಿಡಿಯಬಾರದು. ಪಿನ್ ನಡೆಯದೆ ಒಳಗೇ ಹೋಗಲಾಗದಿದ್ದರೆ ಗುರುತು ತೆಗೆಯಲೂ ಆಗುವುದಿಲ್ಲ. ಶಿಫ್ಟ್ ಹಿಡಿದು ಹೋಗುವ ದಾರಿ ಒಂದು ಸಲಕ್ಕಷ್ಟೇ ಅನ್ವಯಿಸುವುದರಿಂದ ನಾನು ಅದನ್ನೇ ಸೂಚಿಸುತ್ತೇನೆ.

ಪ್ರಶ್ನೆ (ವಿರಾಜಪೇಟೆಯಿಂದ):

ನಮ್ಮದು ಸೇಫ್ ಮೋಡ್‌ನಲ್ಲೂ ಅರ್ಧಕ್ಕೆ ನಿಲ್ಲುತ್ತದೆ. ಮಳೆ ಹಿಡಿದು ಒಂದು ತಿಂಗಳು ಯಂತ್ರವನ್ನು ಹಚ್ಚಿಯೇ ಇರಲಿಲ್ಲ.

ಉತ್ತರ:

ಹಾಗಾದರೆ ಸಾಫ್ಟ್‌ವೇರ್‌ಗಿಂತ ಯಂತ್ರದ ಭಾಗಗಳ ಮೇಲೆಯೇ ಹೆಚ್ಚು ಅನುಮಾನಪಡಬೇಕು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುವ ನಮ್ಮ ಊರಿನಲ್ಲಿ, ತಿಂಗಳುಗಟ್ಟಲೆ ತಣ್ಣಗೆ ಬಿದ್ದಿರುವ ಯಂತ್ರದ ರ‍್ಯಾಮ್‌ನ ಹೊಂಬಣ್ಣದ ಹಲ್ಲುಗಳ ಮೇಲೆ ತೆಳುವಾದ ಕಿಲುಬು ಕೂರುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಕರೆಂಟಿನ ವಯರನ್ನು ಪೂರ್ತಿ ಕಳಚಿ, ರ‍್ಯಾಮ್ ತೆಗೆದು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಆ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿ ನೋಡಿ. ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಮಾತ್ರ ಮತ್ತೊಮ್ಮೆ ಚಾಲೂ ಮಾಡದೆ ಡಿಸ್ಕನ್ನು ತಿಳಿದವರ ಕೈಗೆ ಕೊಡಿ, ಏಕೆಂದರೆ ಪ್ರತಿ ಪ್ರಯತ್ನದಲ್ಲೂ ಒಳಗಿನ ಮಾಹಿತಿಗೆ ಹಾನಿಯಾಗಬಹುದು.

ನಾಪೋಕ್ಲಿನ ಸದಸ್ಯರು:

ಪಾಸ್‌ವರ್ಡ್ ಕೊಟ್ಟು ಒಳಗೆ ಹೋದೆ, ಚೆಕ್‌ರೋಲ್ ಪೆನ್‌ಡ್ರೈವ್‌ನಲ್ಲಿದೆ. ರೋಲ್ ಬ್ಯಾಕ್ ಕೊಟ್ಟ ಮೇಲೆ ಪರದೆ ಮೊದಲಿನಂತೆ ಬಂತು. ಆದರೆ ಹಳೆಯ ಮಿನುಗು ಹಾಗೆಯೇ ಇದೆ. ಈಗ ಹೊಸ ಡ್ರೈವರ್ ಹಾಕಬಹುದೇ?

ಉತ್ತರ:

ಬಹಳ ಸಂತೋಷ. ಡ್ರೈವರ್‌ಗೆ ಕೈಹಾಕುವ ಮೊದಲು ಮಾನಿಟರಿನ ಕೇಬಲನ್ನು ಎರಡೂ ತುದಿಯಲ್ಲಿ ಕಳಚಿ ಬಿಗಿಯಾಗಿ ಕೂರಿಸಿ, ಸಾಧ್ಯವಾದರೆ ಬೇರೆ ಕೇಬಲ್ ಹಾಕಿ ನೋಡಿ. ಆಗಲೂ ಮಿನುಗಿದರೆ ಬಟವಾಡೆ ಮುಗಿದ ಮೇಲೆ, ಕಂಪ್ಯೂಟರ್ ತಯಾರಕರ ಸ್ವಂತ ವೆಬ್‌ಸೈಟಿನಿಂದ ನಿಮ್ಮ ಮಾಡೆಲ್‌ನದೇ ಡ್ರೈವರ್ ಇಳಿಸಿಕೊಂಡು, ಹಾಕುವ ಮೊದಲು ಒಂದು ರಿಸ್ಟೋರ್ ಪಾಯಿಂಟ್ (ತೊಂದರೆಯಾದರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸುವ ಗುರುತು) ಮಾಡಿಟ್ಟುಕೊಳ್ಳಿ.