ಮಂಡಿ ನೋವಿಗೆ ಎಂಆರ್‌ಐ, ಅದೂ ಅವರು ಹೇಳಿದ ಸೆಂಟರ್‌ನಲ್ಲೇ. ಇದು ಕಮಿಷನ್ನಾ?

ತುಂಗಾತೀರ: ಮಳೆಗಾಲದಿಂದ ಅಮ್ಮನಿಗೆ ಮಂಡಿ ನೋವು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಕರ್ಕೊಂಡು ಬಂದು ಒಂದು ಖಾಸಗಿ ಆಸ್ಪತ್ರೆಯಲ್ಲಿ ತೋರಿಸಿದೆವು. ಡಾಕ್ಟರ್ ಮಂಡಿ ಮುಟ್ಟಿಯೂ ನೋಡಲಿಲ್ಲ. ಎಂಆರ್‌ಐ ಬರೆದು, ಒಂದು ಸ್ಕ್ಯಾನ್ ಸೆಂಟರ್ ಸೀಲ್ ಒತ್ತಿ ಚೀಟಿ ಕೊಟ್ಟರು. ಬೇರೆ ಕಡೆ ಮಾಡಿಸಬಹುದಾ ಅಂದಿದ್ದಕ್ಕೆ, ಅಲ್ಲಿಯ ರಿಪೋರ್ಟ್ ಆದ್ರೆ ಮಾತ್ರ ನೋಡ್ತೀನಿ ಅಂದರು. ಅಮ್ಮನ ಎದುರು ವಾದ ಬೇಡ ಅಂತ ಸುಮ್ಮನಾದೆ. ಕಮಿಷನ್ ಅನ್ನೋದು ನಿಜವಾಗ್ಲೂ ಇಷ್ಟು ನಡೆಯುತ್ತಾ, ಇಲ್ಲಾ ನನಗೇ ಅನುಮಾನ ಜಾಸ್ತಿಯಾ?

ಹಳೇ ಲ್ಯಾಬಿನವ: ನಡೆಯುತ್ತೆ. 2017ರ ಕೊನೆಗೆ ಬೆಂಗಳೂರಿನ ಕೆಲವು ಲ್ಯಾಬ್‌ಗಳ ಮೇಲೆ ಐಟಿ ದಾಳಿ ಆಯ್ತಲ್ಲ, ಆಗ ಇಲಾಖೆಯೇ ಹೇಳಿತ್ತು: ಎಂಆರ್‌ಐಗೆ ಶೇ 35, ಸಿಟಿ ಸ್ಕ್ಯಾನ್ ಮತ್ತು ಲ್ಯಾಬ್ ಟೆಸ್ಟಿಗೆ ಶೇ 20ರಷ್ಟು ಡಾಕ್ಟರಿಗೆ ಹೋಗುತ್ತಿತ್ತು ಅಂತ. ನಾನಿದ್ದ ಲ್ಯಾಬಿನಲ್ಲಿ ಬಿಲ್ ಮಾಡುವಾಗ ಕಳಿಸಿದ ಡಾಕ್ಟರ ಹೆಸರಿನ ಜಾಗ ಖಾಲಿ ಬಿಟ್ಟರೆ ಮ್ಯಾನೇಜರ್ ಬೈಯುತ್ತಿದ್ದರು, ತಿಂಗಳ ಕೊನೆಗೆ ಅದನ್ನು ನೋಡಿಯೇ ಕವರ್ ರೆಡಿ ಆಗುತ್ತಿತ್ತು. ಚೀಟಿ ಇಲ್ಲದೆ ನೇರ ಬಂದವರಿಗೆ ಅದೇ ಟೆಸ್ಟು ಕಡಿಮೆಗೆ ಸಿಗುತ್ತಿತ್ತು, ಯಾರಿಗೂ ಪಾಲು ಕೊಡೋದಿರಲಿಲ್ಲವಲ್ಲ. ಡಾಕ್ಟರ್ ಹೀಗೆ ಕಮಿಷನ್ ತಗೊಳ್ಳೋದು ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮದಲ್ಲೇ ತಪ್ಪು.

ತಾಲ್ಲೂಕು ಡಾಕ್ಟರ್: ಸರ್ಕಾರಿ ಆಸ್ಪತ್ರೆಯಲ್ಲಿದ್ದೇನೆ. ಕವರ್ ಕಣ್ಣಿಗೆ ಕಾಣುತ್ತೆ, ಕಾಣದ್ದೇ ಜಾಸ್ತಿ. ನನ್ನ ಜೊತೆ ಓದಿದವರು ಕೆಲವರು ಸೇರಿದ ಕಡೆ ತಿಂಗಳಿಗೆ ಇಷ್ಟು ಅಡ್ಮಿಷನ್, ಇಷ್ಟು ಆಪರೇಷನ್ ಅಂತ ಟಾರ್ಗೆಟ್ ಇದೆ. ಆ ಒತ್ತಡದಲ್ಲಿ ಒಳ್ಳೆಯವರ ಕೈಯೂ ಜಾರುತ್ತೆ. ಸಿಸೇರಿಯನ್ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ 47.4 ಸಿಸೇರಿಯನ್, ಸರ್ಕಾರಿಯಲ್ಲಿ ಶೇ 14.3. ಖಾಸಗಿಗೆ ಹೋಗುವವರಲ್ಲಿ ಬೇರೆ ಕಾರಣಗಳೂ ಇರ್ತವೆ, ಆದ್ರೆ ಇಷ್ಟು ಅಂತರ ಅದರಿಂದಲೇ ಬಂತು ಅಂದ್ರೆ ನಾನು ಒಪ್ಪಲ್ಲ. ನಿಮ್ಮ ಅಮ್ಮನ ವಿಷಯ: ವಯಸ್ಸಾದವರ ಮಂಡಿ ಸವೆತಕ್ಕೆ ಮೊದಲು ಕೈಯಿಂದ ಪರೀಕ್ಷೆ ಮಾಡಿ, ಬೇಕಾದ್ರೆ ನಿಲ್ಲಿಸಿ ಎಕ್ಸ್‌ರೇ ತೆಗೆದರೆ ಸಾಮಾನ್ಯವಾಗಿ ಸಾಕು. ಬಿದ್ದಿದ್ದರೆ, ಮಂಡಿ ಲಾಕ್ ಆಗುತ್ತಿದ್ದರೆ ಎಂಆರ್‌ಐ ಕೇಳೋದರಲ್ಲಿ ಅರ್ಥವಿದೆ.

ಸಾಗರದ ಅಡಿಕೆ ತೋಟ: ಒಂದು ಮಾತು ಸೇರಿಸ್ತೀನಿ. ನಮ್ಮ ದೊಡ್ಡಪ್ಪ ಎದೆ ನೋವು ಬಂದಾಗಲೂ ಇಸಿಜಿ ದುಡ್ಡು ಕೀಳೋ ದಾರಿ ಅಂತ ಹಠ ಹಿಡಿದು ಮನೆಯಲ್ಲೇ ಉಳಿದರು. ಕೊನೆಗೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಡವಾಗಿತ್ತು. ಕಮಿಷನ್ ತಿನ್ನುವವರ ಮೇಲೆ ನನಗಿರೋ ಸಿಟ್ಟು ಇದಕ್ಕೇ, ಬೇಕಾದ ಟೆಸ್ಟನ್ನೂ ಜನ ನಂಬದ ಹಾಗೆ ಮಾಡಿಟ್ಟಿದ್ದಾರೆ. ಬೇರೆ ಡಾಕ್ಟರಿಗೆ ತೋರಿಸಿ, ತೋರಿಸದೆ ಮಾತ್ರ ಇರಬೇಡಿ.

ತುಂಗಾತೀರ: ಎಲ್ಲರಿಗೂ ಥ್ಯಾಂಕ್ಸ್. ಅಮ್ಮ ಬಿದ್ದಿಲ್ಲ, ಮೆಟ್ಟಿಲು ಇಳಿಯುವಾಗ ಮಾತ್ರ ನೋವು. ಸೋಮವಾರ ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಮೂಳೆ ವಿಭಾಗದ ಚೀಟಿಗೆ ಬೆಳಿಗ್ಗೆ ಎಷ್ಟು ಹೊತ್ತಿಗೆ ನಿಲ್ಲಬೇಕು, ಯಾರಿಗಾದ್ರೂ ಗೊತ್ತಾ?