ಪದಚರ್ಚೆ: ಪಬ್ಲಿಕ್ ಕ್ಲೌಡ್, ಪ್ರೈವೇಟ್ ಕ್ಲೌಡ್‌ಗೆ ಏನನ್ನೋಣ?

ನಿಮ್ಮ ಕೈಪಿಡಿಗೆ ಈ ಎರಡಕ್ಕೂ ಕನ್ನಡ ಪದ ಕೇಳಿದ್ದೀರಿ. ಕ್ಲೌಡ್ ಅಂದರೆ ನೆಟ್‌ವರ್ಕ್ ಮೂಲಕ ಬಳಸುವ ಕಂಪ್ಯೂಟರ್ ಮತ್ತು ಮಾಹಿತಿ ಇಡುವ ಜಾಗ; ಹಣ ಕೊಟ್ಟ ಯಾರಿಗಾದರೂ ಸಿಕ್ಕರೆ ಪಬ್ಲಿಕ್, ಒಂದೇ ಸಂಸ್ಥೆಗೆ ಅಂತ ಇದ್ದರೆ ಪ್ರೈವೇಟ್. ಕೈಪಿಡಿ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು ಅಂದಿದ್ದೀರಿ, ಹಾಗಾಗಿ ಮೊದಲು ಪದ: ಪಬ್ಲಿಕ್‌ಗೆ 'ಸಾಮಾನ್ಯ ಕ್ಲೌಡ್', ಪ್ರೈವೇಟ್‌ಗೆ 'ಮೀಸಲು ಕ್ಲೌಡ್'. ಸಾಮಾನ್ಯ ಕ್ಷೇತ್ರ, ಮೀಸಲು ಕ್ಷೇತ್ರ ಅಂತ ಪ್ರತಿ ಚುನಾವಣೆಯಲ್ಲೂ ಓದುತ್ತೇವಲ್ವಾ, ಅದೇ ಜೋಡಿ.

ಈ ಚರ್ಚೆಯಲ್ಲಿ ನನಗಿಂತ ಮೊದಲು ಇಬ್ಬರು 'ಸಾರ್ವಜನಿಕ ಮೋಡ', 'ಖಾಸಗಿ ಮೋಡ' ಅಂತ ಕೊಟ್ಟಿದ್ದಾರೆ. ದಯವಿಟ್ಟು ಬೇಡ. ಅರ್ಥವೇ ತಿರುಗುಮುರುಗಾಗುತ್ತದೆ. ಖಾಸಗಿ ಬಸ್ಸು, ಖಾಸಗಿ ಶಾಲೆ ಅಂದರೆ ನಮ್ಮಲ್ಲಿ ಸರ್ಕಾರದ್ದಲ್ಲ ಅಂತ. ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಮೂರೂ ಆ ಅರ್ಥದಲ್ಲಿ ಖಾಸಗಿ, ಆದರೆ ಕ್ಲೌಡ್ ವ್ಯಾಪಾರದಲ್ಲಿ ಅವು ಮುಖ್ಯವಾಗಿ ಮಾರುವುದು ಪಬ್ಲಿಕ್ ಕ್ಲೌಡ್. ಸರ್ಕಾರ ತನ್ನ ಬಳಕೆಗೆ ಮಾತ್ರ ಅಂತ ಕಟ್ಟಿಕೊಂಡರೆ ಅದು ಪ್ರೈವೇಟ್. ಆಗ 'ಸರ್ಕಾರದ ಖಾಸಗಿ ಮೋಡ' ಅಂತ ಬರೆಯುತ್ತೀರಾ?

ಹೋದ ವರ್ಷ ಒಂದು ಸಹಕಾರ ಸಂಘಕ್ಕೆ ಇಂಥದ್ದೇ ಅನುವಾದ ಮಾಡಿಕೊಟ್ಟೆ. 'ಲೆಕ್ಕಪತ್ರಗಳನ್ನು ಸಾರ್ವಜನಿಕ ಮೋಡದಲ್ಲಿ ಇಡಲಾಗುತ್ತದೆ' ಅಂತ ಬರೆದಿದ್ದೆ. ಕಾರ್ಯದರ್ಶಿ ಆ ಸಾಲಿನ ಕೆಳಗೆ ಕೆಂಪು ಪೆನ್ನಲ್ಲಿ ಗೆರೆ ಎಳೆದು, 'ನಮ್ಮ ಸದಸ್ಯರ ಸಾಲ ಎಷ್ಟು ಅಂತ ಊರವರೆಲ್ಲ ನೋಡಬಹುದಾ?' ಅಂತ ಕೇಳಿದರು. ಕೇಳಿದ್ದು ಸರಿಯಾಗೇ ಇತ್ತು. ಆ ಸಾಲನ್ನು ಹಾಗಲ್ಲದೆ ಇನ್ನು ಹೇಗೆ ಓದುತ್ತಾರೆ?

ಪ್ರೈವೇಟ್‌ಗೆ 'ಸ್ವಂತ ಕ್ಲೌಡ್' ಅಂದವರಿಗೂ ಒಂದು ಮಾತು. ತಂತ್ರಜ್ಞಾನದ ಮಾನದಂಡಗಳನ್ನು ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ 2011ರಲ್ಲಿ ಕೊಟ್ಟ ವಿವರಣೆಯನ್ನೇ ಹೆಚ್ಚಿನವರು ಹಿಡಿದಿರುವುದು. ಅದರ ಪ್ರಕಾರ ಒಂದೇ ಸಂಸ್ಥೆಯ ಬಳಕೆಗೆ ಅಂತ ಇದ್ದರೆ ಅದು ಪ್ರೈವೇಟ್. ಯಂತ್ರ ಇನ್ನೊಬ್ಬರದ್ದಾಗಿರಬಹುದು, ಬೇರೆ ಊರಲ್ಲಿರಬಹುದು, ನೋಡಿಕೊಳ್ಳುವವರೂ ಹೊರಗಿನವರಾಗಿರಬಹುದು. ಸ್ವಂತದ್ದೇ ಆಗಬೇಕಿಲ್ಲ. ಇದಕ್ಕೆ ಮೀಸಲು ಅನ್ನುವುದಕ್ಕಿಂತ ಒಪ್ಪುವ ಪದ ನನಗಂತೂ ಗೊತ್ತಿಲ್ಲ. ನಮ್ಮಜ್ಜಿ ದೇವರಿಗೆ ಅಂತ ಮೀಸಲು ತುಪ್ಪ ತೆಗೆದಿಡುತ್ತಿದ್ದರು. ಹಾಲು ಪಕ್ಕದ ಮನೆಯದು, ಡಬ್ಬಿ ಅತ್ತೆಯದು, ಕಾಯಿಸಿದ್ದು ಅಮ್ಮ. ಆದರೂ ದೀಪಕ್ಕೆ ಬಿಟ್ಟು ಬೇರೆಯದಕ್ಕೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಇನ್ನು 'ಕ್ಲೌಡ್ ಯಾಕೆ, ಮುಗಿಲು ಅನ್ನಿ' ಅನ್ನುವವರು. ಮುಗಿಲು ಒಳ್ಳೇ ಕನ್ನಡ ಪದ, ಒಪ್ಪಿದೆ. ಆದರೆ ಉತ್ತರ ಕರ್ನಾಟಕದಲ್ಲಿ ಮುಗಿಲು ಅಂದರೆ ಆಕಾಶ. ಅದೂ ಅಲ್ಲದೆ ಇಲ್ಲಿನ ಕ್ಲೌಡ್ ಮಳೆ ಮೋಡವಲ್ಲ. ನೆಟ್‌ವರ್ಕ್ ನಕ್ಷೆ ಬರೆಯುವವರು 'ಇದರ ಒಳಗೇನಿದೆ ಅಂತ ಇಲ್ಲಿ ಬೇಕಿಲ್ಲ' ಅನ್ನುವ ಕಡೆ ಒಂದು ಮೋಡ ಗೀಚುತ್ತಿದ್ದರು, ಅಲ್ಲಿಂದ ಬಂದ ಹೆಸರು. ಆ ಚಿತ್ರ ನೋಡದವರಿಗೆ ಮೋಡ ಅಂದರೂ ಮುಗಿಲು ಅಂದರೂ ಏನೂ ಹೊಳೆಯುವುದಿಲ್ಲ, ಕ್ಲೌಡ್ ಅಂದರೆ ಫೋನಿನ ಫೋಟೋ ಹೋಗಿ ಕೂರುವ ಜಾಗ ಅಂತಲಾದರೂ ಗೊತ್ತು. ಕೇಂದ್ರ ಸರ್ಕಾರದ 'ಮೇಘರಾಜ್' ಅದರ ಕ್ಲೌಡ್ ಯೋಜನೆಯೊಂದರ ಹೆಸರು, ಅದನ್ನು ಪದ ಅಂತ ತರಬೇಡಿ.

ಎರವಲು ಪದ ಬೇಡವೇ ಬೇಡ ಅಂತ ಜಗಳಕ್ಕೆ ನಿಂತವರೇ 'ಖಾಸಗಿ' ಬರೆದಿದ್ದಾರೆ. ಅದರ ಬೇರು ಅರಬ್ಬೀ. ಬಂದು ಸುಮಾರು ಕಾಲವಾಯಿತು, ಇರಲಿ. ಹಾಗೇ ಕ್ಲೌಡೂ ಇರಲಿ. ಮೀಸಲಿನಂಥ ಪದ ಮನೆಯಲ್ಲೇ ಇರುವಾಗ ಸುಮ್ನೆ ಪ್ರೈವೇಟ್ ಅಂತ ಬರೆಯುವುದಕ್ಕೆ ಮಾತ್ರ ನನ್ನ ವಿರೋಧ.

ಕೈಪಿಡಿಗೆ ಈ ಸಾಲು ಹಾಕಿ: 'ಸಾಮಾನ್ಯ ಕ್ಲೌಡ್ ಅನ್ನು ಯಾವ ಸಂಸ್ಥೆ ಬೇಕಾದರೂ ಹಣ ಕೊಟ್ಟು ಬಳಸಬಹುದು, ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಕಾಣದು. ಮೀಸಲು ಕ್ಲೌಡ್ ನಿಮ್ಮ ಸಂಸ್ಥೆಯೊಂದಕ್ಕೇ.'