ಅಲ್ಟ್ರಾಸೌಂಡ್ ಅಭ್ಯಾಸಕ್ಕೆ ತ್ರೀಡಿ ಮುದ್ರಿತ ಮಾದರಿ: ಒಳರಚನೆ ಏಕೆ ಕಾಣುತ್ತಿಲ್ಲ?

ಪ್ರಶ್ನೆ (ಸ್ನಾತಕೋತ್ತರ ವಿದ್ಯಾರ್ಥಿನಿ, ಕೋಲಾರ):
ಮಾನ್ಯರೇ, ಸಿ.ಟಿ. ಸ್ಕ್ಯಾನ್ ದತ್ತಾಂಶದಿಂದ ಮೂತ್ರಪಿಂಡದ ಮಾದರಿಯೊಂದನ್ನು ಪಿ.ಎಲ್.ಎ. ಪ್ಲಾಸ್ಟಿಕ್‌ನಲ್ಲಿ ಮುದ್ರಿಸಿ, ನೀರಿನಲ್ಲಿ ಮುಳುಗಿಸಿ ಅಲ್ಟ್ರಾಸೌಂಡ್‌ನಲ್ಲಿ ನೋಡಿದೆವು. ಮೇಲ್ಮೈಯ ಬಿಳಿ ಗೆರೆಯ ಹೊರತು ಬೇರೇನೂ ಕಾಣಲಿಲ್ಲ. ಕಿರಿಯರು ರೋಗಿಗಳ ಮೇಲೆ ಪ್ರೋಬ್ (ಯಂತ್ರದ ಕೈಯಲ್ಲಿ ಹಿಡಿಯುವ ಭಾಗ) ಇಡುವ ಮೊದಲೇ ಕೈ ಪಳಗಿಸಿಕೊಳ್ಳಲಿ ಎಂಬುದು ನಮ್ಮ ಆಸೆ. ತಪ್ಪು ಎಲ್ಲಿದೆ?

ಉತ್ತರ 1 (ರೇಡಿಯಾಲಜಿ ಬೋಧಕ, ತುಮಕೂರು):
ತಪ್ಪಿರುವುದು ವಸ್ತುವಿನಲ್ಲಿ. ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಯಂತ್ರವು ಆಳವನ್ನು ಲೆಕ್ಕ ಹಾಕುವುದೂ ಅದೇ ವೇಗವನ್ನು ಆಧರಿಸಿ. ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಶಬ್ದವು ಇದಕ್ಕಿಂತ ವೇಗವಾಗಿ ಸಾಗಿ ಬೇಗನೆ ಕ್ಷೀಣಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಮುದ್ರಣದ ಪದರಗಳ ನಡುವೆ ಸಿಲುಕಿದ ಗಾಳಿಯು ಅಲೆಗಳನ್ನು ಬಹುಪಾಲು ಹಿಂದಕ್ಕೆ ಪ್ರತಿಫಲಿಸುತ್ತದೆ. ಆದ್ದರಿಂದ ಅಂಗವನ್ನು ಮುದ್ರಿಸುವ ಬದಲು ಅದರ ಅಚ್ಚನ್ನು ಮುದ್ರಿಸಿ, ಒಳಗೆ ಜೆಲಾಟಿನ್ ದ್ರಾವಣವನ್ನು ಎರೆಯಿರಿ. ಸ್ವಲ್ಪ ಇಸಬಗೋಲು ಬೆರೆಸಿದರೆ ಅಂಗಾಂಶವನ್ನು ಹೋಲುವ ಬೂದು ಚುಕ್ಕೆಗಳು ಮೂಡುತ್ತವೆ. ಈ ಅಗ್ಗದ ವಿಧಾನವು ನಮ್ಮಂತಹ ಜಿಲ್ಲೆಗಳಿಗೆ ನಿಜವಾದ ವರವೆಂದು ನಾನು ನಂಬುತ್ತೇನೆ.

ಉತ್ತರ 2 (ತಂತ್ರಜ್ಞೆ, ಚಿಕ್ಕಬಳ್ಳಾಪುರ):
ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಪಿ.ಎಲ್.ಎ. ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುವುದರಿಂದ ದ್ರಾವಣವನ್ನು ತಣ್ಣಗಾಗಿಸಿ, ಗುಳ್ಳೆಗಳನ್ನು ತೆಗೆದು, ನಿಧಾನವಾಗಿ ಎರೆಯಬೇಕು. ಜೆಲಾಟಿನ್ ಬೇಗ ಕೆಡುತ್ತದೆ, ಫ್ರಿಜ್‌ನಲ್ಲಿಡಿ.

ಉತ್ತರ 3 (ವೈದ್ಯರು, ಕೋಲಾರ):
ಅಭ್ಯಾಸ ಮಾದರಿಯ ಮೇಲೆಯೇ ಆದರೂ ಯಂತ್ರವು 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆಯಡಿ ನೋಂದಾಯಿತ ಕೇಂದ್ರದಲ್ಲೇ ಇರಲಿ. ಅದನ್ನು ತರಗತಿಗೆ ಹೊತ್ತೊಯ್ಯಬೇಡಿ.